ಅಪ್ಪನ ರುಮಾಲು ಸುತ್ತಿದ ಕೈ

ಹೋದ ವಾರ ಜೇವರ್ಗಿಯ ಬಟ್ಟೆ ಅಂಗಡಿಯಲ್ಲಿ ಬೀಗರಿಗೆ ಆಯೇರಿಯ ಉಡುಗೊರೆ ಕೊಡಲೆಂದು ರುಮಾಲು ನೋಡುತ್ತಿದ್ದೆ. ಅಂಗಡಿಯವರು ಮಡಿಕೆ ಬಿಚ್ಚಿ ಮುಂದೆ ಹರವಿದರು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಂತು. ದಿನಾ ರುಮಾಲು ಇರುತ್ತಿದ್ದದ್ದು ನನ್ನ ಅಪ್ಪನ ತಲೆಯ ಮೇಲೆ. ನೆನಪಾದದ್ದು ಮಾತ್ರ ಕಾಕಾ... ಇಷ್ಟು ವರ್ಷವಾದರೂ ಅವನ ನೆನಪಾದರೆ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಗೊಬ್ಬೂರಿನ ಕಡೆ ನಮ್ಮ ಹೊಲಕ್ಕೆ ಹತ್ತಿದ ಹೊಲ ಅವನದು. ನಡುವಿನ ಬದುವಿನ ಮೇಲೆ ಒಂದು ಜಾಲಿ ಮರವಿತ್ತು. ಹೊಲ ಹರಗುವ ಕುಂಟೆ ಮಾಡಿಸಲು ಅದನ್ನು ಕಡಿಯುತ್ತೇನೆಂದು ಕಾಕಾ ಬಂದ. ಮರ ನಮ್ಮದೆಂದು ಅಪ್ಪ ಅಡ್ಡ ನಿಂತ. ಮಾತಿಗೆ ಮಾತು ಬೆಳೆದು, ಮರಕ್ಕೆ ತಂದ ಕೊಡಲಿ ಅಪ್ಪನ ಕುತ್ತಿಗೆಯ ಕಡೆಗೆ ಎದ್ದು ಬಲ ಹೆಗಲಿಗೆ ಬಿತ್ತು. ಬುತ್ತಿ ತಂದಿದ್ದ ನಾನು ಕಣ್ಣಾರೆ ಕಂಡೆ. ಗುಲ್ಬರ್ಗಾದ ಕೋರ್ಟಿನಲ್ಲಿ ಸಾಕ್ಷಿ ಹೇಳಿದವಳೂ ನಾನೇ. ಕೊಲೆಗೆ ಯತ್ನಿಸಿದ್ದಕ್ಕೆ ಕಾಕಾನಿಗೆ ಐದು ವರ್ಷ ಸಜೆಯಾಯಿತು. ಕೆಲವು ತಿಂಗಳು ಜೈಲಿನಲ್ಲಿದ್ದು, ಬೆಂಗಳೂರಿನ ಹೈಕೋರ್ಟಿಗೆ ಅಪೀಲು ಹಾಕಿ, ಜಾಮೀನಿನ ಮೇಲೆ ಊರಿಗೆ ಬಂದ.

ಅಪ್ಪನ ಬಲಗೈ ಆಮೇಲೆ ಮೇಲೇಳಲಿಲ್ಲ. ಅವ್ವ ಮೊದಲೇ ತೀರಿಕೊಂಡಿದ್ದಳು, ಮನೆಯಲ್ಲಿ ನಾವಿಬ್ಬರೇ. ರೊಟ್ಟಿ ಮುರಿದು ತಟ್ಟೆಯಲ್ಲಿ ಕಲಸಿಡುತ್ತಿದ್ದೆ, ಅಂಗಿಯ ಗುಂಡಿ ಹಾಕುತ್ತಿದ್ದೆ, ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದೆ. ರುಮಾಲು ಸುತ್ತಲು ಎರಡು ಕೈ ಬೇಕು. ಹೆಣ್ಣುಮಕ್ಕಳು ಗಂಡಸರಿಗೆ ರುಮಾಲು ಸುತ್ತುವುದು ನಮ್ಮಲ್ಲಿಲ್ಲ. ಆದರೂ ಬಾಗಿಲು ಮುಂದೆ ಮಾಡಿ, ಅಪ್ಪನನ್ನು ಒಳಗೆ ಕೂರಿಸಿ, ಸುತ್ತಲು ಕಲಿತೆ. ಬಂದ ವರಗಳನ್ನೆಲ್ಲ, ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂದು ತಿರುಗಿಸಿ ಕಳಿಸಿದೆ. ಮೂರು ವರ್ಷ ಹೀಗೇ ಕಳೆಯಿತು. ಕಷ್ಟವೆನಿಸಲಿಲ್ಲ. ಅಪ್ಪ ನನ್ನೊಬ್ಬಳಿಗೇ ಸೇರಿದವನಾಗಿದ್ದ.

ಅಪೀಲಿನ ವಿಚಾರಣೆ ಹತ್ತಿರ ಬಂದಾಗ ಊರ ಹಿರಿಯರೊಬ್ಬರು ಕಾಕಾನನ್ನು ಕರೆದುಕೊಂಡು ನಮ್ಮ ಪಡಸಾಲೆಗೆ ಬಂದರು. ವಕೀಲರು ಹೇಳಿ ಕಳಿಸಿದ್ದರಂತೆ: ಇದು ಇಬ್ಬರೇ ಕೂಡಿ ಮುಗಿಸಿಕೊಳ್ಳಬಹುದಾದ ಕೇಸಲ್ಲ, ಆದರೆ ಏಟು ತಿಂದವನೇ ಬಂದು ರಾಜಿಯಾಗಿದ್ದೇವೆ ಎಂದರೆ ನ್ಯಾಯಾಧೀಶರು ಸಜೆ ಇಳಿಸಬಹುದು. ಅಪ್ಪ ಕೇಳಿಸಿಕೊಂಡು ನೀರಿನ ಚೊಂಬಿಗೆ ಬಗ್ಗಿದ. ನಾನು ಸುತ್ತಿದ್ದ ರುಮಾಲು ಬಿಚ್ಚಿ ಹೆಗಲ ಮೇಲೆ ಬಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈ ತೊಳೆದು ಬರುವಷ್ಟರಲ್ಲಿ ಕಾಕಾ ಎದ್ದು ನಿಂತಿದ್ದ.

"ಅಣ್ಣಾ, ನಾ ಸುತ್ತಲೇನು?"

ಅಪ್ಪ ಚೊಂಬು ಕೆಳಗಿಟ್ಟ. "ಈ ಸಲ ಕೊಡ್ಲಿ ತಂದಿಲ್ಲಲ್ಲ ಲೇ?"

ಹಿರಿಯರು ಜೋರಾಗಿ ನಕ್ಕರು. ಕಾಕಾ ರುಮಾಲು ಕೊಡವಿ ಸುತ್ತತೊಡಗಿದ. ಸುತ್ತಿ ಮುಗಿಸಿದಾಗ ರುಮಾಲು ಏಟು ಬೀಳುವ ಮೊದಲಿನಂತೆಯೇ ಕೂತಿತ್ತು, ಎಡಗಿವಿಯ ಮೇಲೆ ತುಸು ಇಳಿದು. ನನ್ನ ಕೈಗೆ ಅದು ಒಂದು ದಿನವೂ ಬಂದಿರಲಿಲ್ಲ. ಅಪ್ಪ ಎಡಗೈಯಿಂದ ತಡವಿ ನೋಡಿ ನಕ್ಕ. ಅಂಥ ನಗು ಮೂರು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ...

ಮರುದಿನದಿಂದ ಕಾಕಾ ದಿನಾ ಮುಂಜಾನೆ ಬರತೊಡಗಿದ. ರುಮಾಲು ಸುತ್ತುತ್ತಿದ್ದ, ಊರ ಕಟ್ಟೆಯತನಕ ಜೊತೆಗೆ ಹೋಗುತ್ತಿದ್ದ. ಇಬ್ಬರೂ ಹಳೆಯ ಎತ್ತುಗಳ ಮಾತು ತೆಗೆದು ನಗುತ್ತಿದ್ದರು. ಆ ಎತ್ತುಗಳ ಹೆಸರೂ ನನಗೆ ಗೊತ್ತಿರಲಿಲ್ಲ. ಒಂದು ದಿನ ಚಹಾ ಕುಡಿದು ಕಾಕಾ ಕೇಳಿದ:

"ಏನ್ ಬೇ ಮಗಳ, ಸಕ್ರಿ ಮರ್ತೀಯೋ, ಬೇಕಂತ ಬಿಟ್ಟೀಯೋ?"

"ಬೇಕಂತನ ಬಿಟ್ಟೇನಿ."

"ಹಂಗಾದ್ರ ಚಲೋ ಆತು. ಈ ವಯಸ್ಸಿಗೆ ಮರವು ಬಂದ್ರ ಚಿಂತಿ ಮಾಡ್ಬೇಕಿತ್ತು," ಎಂದು ಇನ್ನೊಂದು ಕಪ್ಪು ಕೇಳಿದ.

ಬೆಂಗಳೂರಿಗೆ ಇಬ್ಬರೂ ಕೂಡಿಯೇ ಹೊರಟರು. ಜೊತೆಗೆ ಹೋಗುವವರಿಗೂ ಸೇರಿಸಿ ಬುತ್ತಿ ಕಟ್ಟುವುದು ನಮ್ಮ ಪದ್ಧತಿ. ನಾನು ಎಣಿಸಿ ಒಬ್ಬನಿಗಾಗುವಷ್ಟೇ ರೊಟ್ಟಿ ಕಟ್ಟಿದೆ. ನಾಲ್ಕು ದಿನದ ಮೇಲೆ ಬಂದರು. ಆಗಲೇ ಅನುಭವಿಸಿದ ಸಜೆಯೇ ಸಾಕೆಂದು ಕೋರ್ಟು ಕಾಕಾನನ್ನು ಬಿಟ್ಟಿತ್ತು. ಯಾರಾದರೂ ಹೆದರಿಸಿ ಕರೆತಂದಿದ್ದಾರೆಯೇ ಎಂದು ನ್ಯಾಯಾಧೀಶರು ಅಪ್ಪನನ್ನು ಕೇಳಿದರಂತೆ. ಅಪ್ಪ ಕೊಟ್ಟ ಉತ್ತರವನ್ನು ಕಾಕಾ ಕಣ್ಣೊರೆಸಿಕೊಳ್ಳುತ್ತ, ನಗುತ್ತ ನನಗೆ ಹೇಳಿದ:

"'ಹೆದರ್ಸಿಲ್ರಿ ಸಾಹೇಬ್ರ. ಇವ ಜೈಲಿಗೆ ಹೋದ್ರ ನನಗ ರುಮಾಲು ಸುತ್ತವ್ರು ಯಾರೂ ಇಲ್ರಿ' ಅಂದ ನೋಡು ನಿಮ್ಮಪ್ಪ!"

ಯಾರೂ ಇಲ್ರಿ... ಕೊಡ ಎತ್ತಿಕೊಂಡು ಬಾವಿಗೆ ನಡೆದೆ. ಸಂಜೆ ಅಪ್ಪನನ್ನು ಕೇಳಿಯೇಬಿಟ್ಟೆ: "ನಾ ಇದ್ದಿಲ್ಲೇನು ಮನ್ಯಾಗ?"

"ನೀ ಅದಿ ಅಂದ್ರ ನಿನ್ನ ಲಗ್ನ ಹ್ಯಾಂಗ ಮಾಡ್ಲಿ ಬೇ?" ಎಂದ ಅಪ್ಪ.

ಮಾತು ತಲೆಗೆ ತಿಳಿಯಿತು, ಹೊಟ್ಟೆಗೆ ತಿಳಿಯಲಿಲ್ಲ. ಮುಂದಿನ ವರ್ಷ ನನ್ನನ್ನು ಜೇವರ್ಗಿಗೆ ಕೊಟ್ಟರು. ತವರಿಗೆ ಹೋದಾಗಲೆಲ್ಲ ಕಾಕಾ ವರದಿ ಒಪ್ಪಿಸುತ್ತಿದ್ದ: "ಥಂಡಿಗೆ ಹೆಗಲು ಹಿಡಿತದ. ಎಣ್ಣಿ ತಿಕ್ಕೇನಿ, ನೀ ಚಿಂತಿ ಮಾಡಬ್ಯಾಡ." ಅಪ್ಪನ ಹೆಗಲಿನ ಸುದ್ದಿ ನನಗೆ ಅವನಿಂದ ತಿಳಿಯಬೇಕೇ? ಗಾಯ ಮಾಡಿದವನೂ ಅವನೇ, ಆರೈಕೆ ಮಾಡುವವನೂ ಅವನೇ. ನಡುವೆ ನಾನು ನೆಂಟರ ಹಾಗೆ ಎರಡು ದಿನ ಇದ್ದು ಬರುತ್ತಿದ್ದೆ.

ಅಪ್ಪ ಹೋದ ಸುದ್ದಿ ಬಂದು, ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕಾಕಾ ಅಪ್ಪನ ಪಕ್ಕದಲ್ಲೇ ಕೂತಿದ್ದ. ನನ್ನನ್ನು ಕಂಡು ಎದ್ದು ಬಂದ. "ಹೋಗೋ ಮುಂದ ನಿನ್ನ ಹೆಸ್ರು ತಗೊಂಡು ಒಂದ್ ಮಾತು ಹೇಳ್ಯಾನ, ಮಗಳ..." ಅಂದ.

"ಆಮ್ಯಾಗ ಹೇಳು ಕಾಕಾ," ಎಂದು ಮುಖ ತಿರುಗಿಸಿದೆ. ಅಪ್ಪನ ಕೊನೆಯ ಮಾತೂ ಆ ಬಾಯಿಂದಲೇ ಬರುವುದು ಬೇಡವಾಗಿತ್ತು. ಮುಂದೆ ಊರಿಗೆ ಹೋದಾಗಲೂ ಎರಡು ಮೂರು ಸಲ ಅವನು ಮಾತು ತೆಗೆದ. ಪ್ರತಿ ಸಲ ನನಗೊಂದು ಕೆಲಸ ನೆನಪಾಗುತ್ತಿತ್ತು. ಒಲೆ, ದನ, ಬಸ್ಸಿನ ಹೊತ್ತು... ಅವನೂ ಒತ್ತಾಯ ಮಾಡಲಿಲ್ಲ. ಎರಡು ವರ್ಷದೊಳಗೆ ಅವನೂ ಮಣ್ಣಾದ.

ಈಗ ಮಕ್ಕಳು ಅವರವರ ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನವೆಲ್ಲ ನನಗೆ ಪುರುಸೊತ್ತು. ಅಪ್ಪ ಏನೆಂದಿರಬಹುದು ಎಂದು ಎಷ್ಟೋ ಮಾತುಗಳನ್ನು ನಾನೇ ಕಟ್ಟಿ ನೋಡಿದ್ದೇನೆ. ಒಂದೂ ಅಪ್ಪನ ಮಾತಿನ ಹಾಗೆ ಕೇಳಿಸುವುದಿಲ್ಲ.