ಮೋರಿಯ ಧೂಳು ಓದುವ ಪೊರಕೆಯಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೊರಕೆಯಣ್ಣ ಮಣ್ಣುದಾರಿಗೆ ಅಡ್ಡಲಾಗಿರುವ ಮೋರಿಯ ಮೇಲೆ ಮೊಣಕಾಲೂರಿ, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ಧೂಳು ನೋಡುತ್ತಿದ್ದಾರೆ. ನಿನ್ನೆ ಸಂಜೆ ತಾವೇ ಗುಡಿಸಿದ ಗೀರುಗಳು ಹಾಗೇ ಇವೆಯೇ? ಒಂದು ನಾಯಿ ದಾಟಿದೆ, ಒಂದು ಸೈಕಲ್ ಹೋಗಿದೆ. "ಸರಿ," ಎಂದು ಏಳುತ್ತಾರೆ. ನನ್ನ ಕಡೆಗೂ ಅದೇ ನೋಟ. "ನಿಜವಾಗ್ಲೂ ಪತ್ರಿಕೆಯವರೇನಾ? ಹೋದ ಸಲ ಬಂದೋರೂ ಹಾಗೇ ಅಂದಿದ್ರು."

ಐವತ್ತೆಂಟರ ಇವರು ರಸ್ತೆ ಇಲಾಖೆಯ ಗ್ಯಾಂಗ್‌ಮನ್. ಪಾಲಿಗೆ ಬಂದಿರುವುದು ಹನ್ನೊಂದು ಕಿಲೋಮೀಟರ್ ಮಣ್ಣಿನ ದಾರಿ, ಹದಿನಾಲ್ಕು ಮೋರಿ. ಸಂಜೆ ಪ್ರತಿ ಮೋರಿಯ ಮೇಲೂ ಪೊರಕೆಯಾಡಿಸುವುದು, ಬೆಳಿಗ್ಗೆ ಆ ಗೀರು ಓದುವುದು ಯುದ್ಧಕಾಲದಲ್ಲಿ ಅವರೇ ಕಂಡುಕೊಂಡ ಉಪಾಯ. ಯಾರಾದರೂ ಅಗೆದು ನೆಲಬಾಂಬ್ ಹೂತಿದ್ದರೆ ಗೀರು ಕೆಟ್ಟಿರುತ್ತದೆ. ಯುದ್ಧ ಮುಗಿದು ಹತ್ತೊಂಬತ್ತು ವರ್ಷವಾಯಿತು, ಗುಡಿಸುವುದು ಮಾತ್ರ ನಿಂತಿಲ್ಲ. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರಲ್ಲ, ಇವ್ರು ನಾನು ಹಾಕಿದ ಚಿಲಕಾನೂ ಎರಡು ಸಲ ಎಳೆದು ನೋಡ್ತಾರೆ," ಎಂದು ಚಹಾ ತಂದ ಹೆಂಡತಿ ನಗುತ್ತಾರೆ.

ನಾನೂ ಅನುಮಾನ ಹೊತ್ತೇ ಹೋದವನು, ಮುಚ್ಚಿಡುವುದೇಕೆ? ಯುದ್ಧದ ಸಮಯದಲ್ಲಿ ಈ ದಾರಿಯ ಆರನೇ ಮೋರಿಯ ಹತ್ತಿರ ನಮ್ಮ ಸೇನೆಯ ಟ್ಯಾಂಕ್ ದಳದ ಒಂಬತ್ತು ಕವಚವಾಹನಗಳು ಹೊಂಚುದಾಳಿಗೆ ಸಿಕ್ಕಿ ಇಪ್ಪತ್ತಮೂರು ಜನ ಸತ್ತರು. ಮೊದಲನೆಯದು ಬಾಂಬಿಗೆ ಹಾರಿತು, ಕೊನೆಯದಕ್ಕೆ ದಿಬ್ಬದಿಂದ ರಾಕೆಟ್ ಬಿತ್ತು. ನಡುವಿನವು ಹಿಂದಕ್ಕೂ ಹೋಗಲಾರದೆ, ಮುಂದಕ್ಕೂ ಹೋಗಲಾರದೆ ನಿಂತಲ್ಲೇ ಉರಿದವು. "ದಾರಿ ಸರಿಯಿದೆ ಎಂದು ಗ್ಯಾಂಗ್‌ಮನ್ ತಿಳಿಸಿದ್ದ" ಎನ್ನುತ್ತದೆ ತನಿಖಾ ವರದಿ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಊರವರು ಈಗಲೂ ಪಿಸುಗುಡುತ್ತಾರೆ.

ಅವರು ಹೇಳುವುದೇ ಬೇರೆ. "ಆವತ್ತು ಗೀರು ಕೆಟ್ಟಿರ್ಲಿಲ್ಲ, ಚೆನ್ನಾಗೇ ಇತ್ತು. ಆದ್ರೆ ನಾನು ಎಡಚ. ನನ್ನ ಗೀರು ಒಂದು ಕಡೆ ಬಾಗುತ್ತೆ, ಅದು ಇನ್ನೊಂದು ಕಡೆ ಬಾಗಿತ್ತು. ಯಾರೋ ಅಗೆದು, ಮುಚ್ಚಿ, ನನ್ನ ಹಾಗೇ ಗುಡಿಸಿ ಹೋಗಿದ್ರು. ಓಡಿ ಬಂದು ದಳದ ಸಾಹೇಬ್ರಿಗೆ ಹೇಳ್ದೆ. ಪೊರಕೆ ನಂಬ್ಕೊಂಡು ದಳ ನಿಲ್ಲಿಸ್ಬೇಕಾ ಅಂದ್ರು ಸಾಹೇಬ್ರು. ಮತ್ತೆ ಹೇಳ್ದೆ. ಇವ್ನು ಶತ್ರುಗಳಿಗೆ ಸಮಯ ಕೊಡಿಸ್ತಿದಾನೆ ಅಂತ ಕಾವಲು ಠಾಣೆ ಕಂಬಕ್ಕೆ ಕಟ್ಟಿಸಿ ಹೊರಟೇಬಿಟ್ರು."

ಸ್ಫೋಟದ ಸದ್ದು ಅವರಿಗೆ ಕೇಳಿದ್ದು ಆ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದಾಗ. ಆಮೇಲೆ ಎರಡು ವರ್ಷ ಸೆರೆ. ಸಾಕ್ಷಿ ಸಿಗದೆ ಬಿಟ್ಟರು, ವರದಿಯನ್ನು ಮಾತ್ರ ತಿದ್ದಲಿಲ್ಲ.

ಕಥೆ ಅಚ್ಚುಕಟ್ಟಾಗಿದೆ. ಅಚ್ಚುಕಟ್ಟಾದ ಕಥೆ ಕೇಳಿದರೆ ನನಗೆ ಕಿವಿ ನೆಟ್ಟಗಾಗುತ್ತದೆ. ಅದನ್ನು ಗಮನಿಸಿದವರಂತೆ ಪೊರಕೆಯನ್ನು ನನ್ನ ಕೈಗೇ ಕೊಡುತ್ತಾರೆ. ಬಲಗೈಯಲ್ಲಿ ಗುಡಿಸುತ್ತೇನೆ. ನನ್ನ ಗೀರು ಅವರದರ ಪಕ್ಕ ಉಲ್ಟಾ ಬಾಗಿದೆ.

ಅಷ್ಟಕ್ಕೇ ನಂಬುವವನಲ್ಲ ನಾನು. ದಾಳಿಯಲ್ಲಿ ಬದುಕುಳಿದು, ಈಗ ಒಂಟಿಕಾಲಲ್ಲಿ ಗಡಿಯಾರ ರಿಪೇರಿ ಮಾಡುವ ಕೊನೆಯ ವಾಹನದ ಚಾಲಕನಿಗೆ ಅಲ್ಲಿಂದಲೇ ಫೋನ್ ಮಾಡುತ್ತೇನೆ. "ಹೇಳಿದ್ದ ಸ್ವಾಮಿ, ಎರಡು ಸಲ ಹೇಳಿದ್ದ. ನನ್ನ ಕಿವಿಯಾರೆ ಕೇಳಿದೀನಿ. ವಿಚಾರಣೇಲಿ ನನ್ನ ಯಾರೂ ಕೇಳ್ಲಿಲ್ಲ." ಕೂಡಲೇ ತಾನೇ ತಿದ್ದಿಕೊಳ್ಳುತ್ತಾನೆ. "ಇಲ್ಲ, ಕೇಳಿದ್ರು. ಸತ್ತ ಸಾಹೇಬ್ರ ಮೇಲೆ ಹೇಗೆ ಹೇಳೋದು ಅಂತ ನಾನೇ ಬಾಯಿ ಮುಚ್ಕೊಂಡೆ. ಬರ್ಕೊಳಿ."

ನನಗೆ ನಾಚಿಕೆಯಾಗುತ್ತದೆ. ಏನಾಗಬೇಕು ನಿಮಗೆ, ಪರಿಹಾರವೇ, ಸನ್ಮಾನವೇ ಎಂದು ಪೊರಕೆಯಣ್ಣನನ್ನು ಕೇಳುತ್ತೇನೆ.

"ಅದೆಲ್ಲ ಯಾಕೆ? ವರದೀಲಿ ಆ ಒಂದು ಸಾಲು ಹೊಡೆದುಹಾಕ್ಲಿ. ಇಪ್ಪತ್ತಮೂರು ಮನೆಯೋರೂ ಅದನ್ನೇ ನಂಬ್ಕೊಂಡು ಕೂತಿದಾರೆ." ನನ್ನ ಟಿಪ್ಪಣಿ ಪುಸ್ತಕದತ್ತ ಬೆರಳು ತೋರಿಸುತ್ತಾರೆ. "ನೀವೇನು ಬರ್ಕೊಂಡ್ರಿ? ಓದಿ, ನೋಡೋಣ."

ಓದುತ್ತೇನೆ: "ದಾರಿ ಸರಿಯಿಲ್ಲ ಎಂದು ಗ್ಯಾಂಗ್‌ಮನ್ ಎರಡು ಸಲ ಹೇಳಿದ್ದರು."

"ಇನ್ನೊಂದ್ಸಲ ಓದಿ," ಎನ್ನುತ್ತಾರೆ.