ತಳವಿಲ್ಲದ ಜೇಬು

ಐ.ಡಿ.ಹಳ್ಳಿಯ ನನ್ನ ಹಳೇ ಗಿರಾಕಿ ರಂಗಣ್ಣನ ಮಗ ಮಿಲಿಟರಿಯಲ್ಲಿದ್ದಾನೆ. ರಜೆಗೆ ಬಂದವನು ಶಿರಾದ ನನ್ನ ಟೈಲರ್ ಅಂಗಡಿಗೆ ಬಂದು, ಮೊಣಕಾಲು ಮುಟ್ಟುವ ಸಡಿಲ ಜುಬ್ಬಾ ಹೊಲಿಯಲು ಬಟ್ಟೆ ಕೊಟ್ಟ. ಬಲಗಡೆ ಜೇಬಿಗೆ ಮಾತ್ರ ತಳ ಹೊಲಿಯಬಾರದಂತೆ. ಹೂಂ ಅಂದೆ. ಆದರೆ ಮೂವತ್ತು ವರ್ಷ ಜೇಬು ಹೊಲಿದ ಕೈ ಕೇಳಬೇಕಲ್ಲ, ತಳ ಸೇರಿಸಿಯೇ ಹೊಲಿದುಬಿಟ್ಟೆ.

ಹಾಕಿ ನೋಡಿದವನ ಕೈ ಜೇಬಿನೊಳಗೆ ಹೋಗಿ ನಿಂತಿತು. ಮುಖ ಬಿಗಿಯಿತು.

"ತಳ ಬ್ಯಾಡ ಅಂದಿದ್ನಲ್ಲ ಭಾಯ್. ಕೈ ಸೀದಾ ಸೊಂಟಕ್ಕೆ ಹೋಗ್ಬೇಕು, ಅಲ್ಲಿ ಪಿಸ್ತೂಲ್ ಇರ್ತೈತೆ. ಈ ಸಲ ಯೂನಿಫಾರ್ಮ್ ಇಲ್ದೆ ಡ್ಯೂಟಿ. ಒಂಚೂರು ತಡ ಆದ್ರೂ ನಾನಿರಲ್ಲ."

ತಳದ ಹೊಲಿಗೆ ಬಿಚ್ಚಿದೆ. ಕೊನೆಯ ದಾರ ಎಳೆಯುವಾಗ ಕೇಳಿದೆ: "ಇದನ್ನ ಹಾಕ್ಕಂಡ್ರೆ ಜನ ನಿನ್ನ ಯಾರು ಅನ್ಕಬೇಕಪ್ಪಾ?"

ಅವನು ಕನ್ನಡಿ ನೋಡಿದ. ಕನ್ನಡಿಯಲ್ಲಿ ಅವನ ಪಕ್ಕ ನಾನೂ ಇದ್ದೆ, ಅಂಥದೇ ಜುಬ್ಬಾದಲ್ಲಿ.

"ನಿಮ್ಮಂಗೆ ಕಾಣ್ಬೇಕು ಭಾಯ್" ಅಂದು ತಲೆ ತಗ್ಗಿಸಿದ.

"ಹುಷಾರಾಗಿ ಹೋಗ್ಬುಟ್ಟು ಬಾರಪ್ಪ" ಅಂದೆ.

ಅವತ್ತಿನಿಂದ ಶುಕ್ರವಾರದ ನಮಾಜಿಗೆ ಹೊರಟಾಗ ಎರಡೂ ಕೈಗಳನ್ನು ಜೇಬಿನಿಂದ ಆಚೆಯೇ ಇಟ್ಟುಕೊಂಡು ನಡೆಯುತ್ತೇನೆ. ನನ್ನ ಜೇಬಿಗೆ ತಳ ಇದೆ ಅಂತ ಬೀದಿಯವರಿಗೆ ಹೇಗೆ ಗೊತ್ತಾಗಬೇಕು?