ಸುಸ್ಥಿರತೆ ಎಂದೆ, ಷಟರ್ ಬಿತ್ತು

"ಯಜಮಾನ್ರೇ, ದಾದಾಪೀರ್ ಸಾಬ್ರ ಅಂಗಡಿ ಯಾವ ಕಡೆ?" ಕೊಟ್ಟೂರಿನ ಒಂದೇ ಓಣಿಯನ್ನು ಸುತ್ತಿ ಸುತ್ತಿ ದಾರಿ ತಪ್ಪಿ, ಎದುರು ಸಿಕ್ಕ ಕಿರಾಣಿ ಅಂಗಡಿಯಲ್ಲಿ ಕೇಳಿದೆ.

"ಯಾಕ್ರಿ?"

"ಸುಸ್ಥಿರತೆ ವರದಿಗೆ ಬಂದಿದ್ದೀನಿ."

ಆತ ಗಿರಾಕಿಗಳನ್ನು ಸಾಗಹಾಕಿ ಷಟರ್ ಎಳೆದುಕೊಂಡ. ಒಳಗಿನಿಂದ ದನಿ ಬಂತು: "ಅವ ಊರಾಗಿಲ್ರಿ. ಸುಸ್ತಿ ಸಾಲ ಎಲ್ಲಾ ಕಟ್ಯಾನ, ಬ್ಯಾಂಕಿನ್ಯಾಗ ಕೇಳ್ರಿ."

ಅಂದರೆ ದಾದಾಪೀರ್ ಇವನೇ.

"ಸುಸ್ತಿ ಅಲ್ಲ ಸಾಬ್ರೇ, ಸುಸ್ಥಿರ. ನಾನು ಬ್ಯಾಂಕಿನವಳಲ್ಲ, ಸಾಬೂನು ಕಂಪನಿಯವಳು. ಹೊಸ ಪ್ಲಾಸ್ಟಿಕ್ ಬಾಟಲಿ ಬೇಡಾಂತ ನೀವು ಪೀಪಾಯಿಯಿಂದ ಬಿಡಿಯಾಗಿ ಮಾರೋ ಸೋಪಿನ ನೀರಲ್ಲಿ ಲಾಭ ಇಲ್ಲಾಂದ್ರೆ ಕಂಪನಿಯವರು ಪೀಪಾಯಿ ವಾಪಸ್ ಒಯ್ತಾರೆ."

ಷಟರ್ ಸರ್ರನೆ ಮೇಲೆದ್ದಿತು. "ಲಾಭ ಇಲ್ಲಂತ ಯಾರು ಹೇಳ್ಯಾರ್ರಿ? ಖಾಲಿ ಬಾಟ್ಲಿ ತುಂಬಿಸಾಕ ಬಂದವರು ಬ್ಯಾಳಿ, ಬೆಲ್ಲಾನೂ ಇಲ್ಲೇ ಒಯ್ತಾರ."

ನನಗೆ ಕುಣಿಯುವಷ್ಟು ಖುಷಿ. ಕಂಪನಿ ವರದಿಗಳಲ್ಲಿ ಪರಿಸರದ ಅಧ್ಯಾಯ, ಲಾಭದ ಅಧ್ಯಾಯ ಎರಡೂ ಮಾತು ಬಿಟ್ಟ ವಾರಗಿತ್ತಿಯರು. ದೇಶ ದೇಶ ಸುತ್ತಿದರೂ ಅವರಿಬ್ಬರೂ ಒಂದೇ ಒಲೆ ಹಂಚಿಕೊಂಡಿದ್ದನ್ನು ನಾನು ಕಂಡದ್ದು ಇಲ್ಲೇ. ಹಾಗಂತ ಆತನಿಗೂ ಹೇಳಿದೆ.

"ಅದೇನೋ ಖರೆ ಮೇಡಂ," ಎಂದ ದಾದಾಪೀರ್, "ನಿಮ್ಮ ಒಂದು ಮಾತಿಗೆ ನನ್ನ ಗಿರಾಕಿ ಹೋದ್ರಲ್ಲ, ಅದನ್ನ ಯಾವ ವರದ್ಯಾಗ ಬರೀತೀರಿ?"

ಈಗ ಸುಸ್ತಿದಾರಳು ನಾನೇ. ಸೆರಗು ಸಿಕ್ಕಿಸಿ ಪೀಪಾಯಿಯ ಮುಂದೆ ಕೂತೆ. ಸಂಜೆಯವರೆಗೆ ಓಣಿಯವರ ಬಾಟಲಿ ತುಂಬಿಸಿ, ಆ ಸಾಲ ಬಡ್ಡಿ ಸಮೇತ ತೀರಿಸಿದೆ.